ಯಾವುದಕ್ಕೆ ಒಗ್ಗಿಕೊಳ್ಳಬೇಕು?

(ಅವಾಲಿಯಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಬಹರೈನಿಗೆ ಬಂದ ಕನ್ನಡಿಗರಿಗೆ ಮೊದಲ ಪಾಠ ಹೇಳುವುದು ಸ್ನಾನದಮನೆಯ ನಲ್ಲಿ. ಮಾಳಿಗೆಯ ತೊಟ್ಟಿ ಬಿಸಿಲಿಗೆ ಕಾದು, ಜುಲೈ ತಿಂಗಳಲ್ಲಿ ತಣ್ಣೀರಿನ ನಲ್ಲಿಯಿಂದ ಸುಡುನೀರು ಬರುತ್ತದೆ. ಆಗ ಗೀಸರನ್ನು ಆರಿಸಿಟ್ಟು, ಮನೆಯ ನೆರಳಲ್ಲಿ ಆರಿದ ಅದರೊಳಗಿನ ನೀರನ್ನೇ ತಣ್ಣೀರೆಂದು ಬಳಸಬೇಕು. ಇಲ್ಲಿ ಭಾನುವಾರ ದುಡಿಮೆಯ ದಿನ. ವಾಹನ ರಸ್ತೆಯ ಬಲಕ್ಕೆ. ದಿನಾರಿಗೆ ಸಾವಿರ ಫಿಲ್ಸ್. ಕೆಲವೇ ವಾರಗಳಲ್ಲಿ ಇವೆಲ್ಲ ರೂಢಿಯಾಗುತ್ತವೆ.

ಈ ರೂಢಿಗಳು ಇಲ್ಲಿನವರಿಗೂ ಹಳೆಯವಲ್ಲ. ಈ ದ್ವೀಪ ರಸ್ತೆಯ ಬಲಬದಿಗೆ ಸರಿದದ್ದು 1967ರಲ್ಲಿ. ದಿನಾರ್ ಬಂದದ್ದು 1965ರಲ್ಲಿ; ಅದಕ್ಕೆ ಮುನ್ನ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ, 1959ರ ನಂತರ ಭಾರತವೇ ಹೊರತಂದ ಗಲ್ಫ್ ರೂಪಾಯಿ. ವಾರದ ರಜೆ ಗುರುವಾರ–ಶುಕ್ರವಾರಗಳಿಂದ ಶುಕ್ರವಾರ–ಶನಿವಾರಗಳಿಗೆ ಬದಲಾದದ್ದು 2006ರಲ್ಲಿ. ಸ್ಥಳೀಯರೂ ಒಗ್ಗಿಕೊಂಡವರೇ.

ಒಗ್ಗಿಕೊಳ್ಳಲು ಒಪ್ಪದವರ ಚರಿತ್ರೆಯೂ ಇಲ್ಲಿದೆ. 1932ರಲ್ಲಿ ಜಬಲ್ ದುಖಾನ್ ಬಳಿ ಎಣ್ಣೆ ಚಿಮ್ಮಿತು. ಆ ದಶಕದಲ್ಲೇ ಬಹರೈನ್ ಪೆಟ್ರೋಲಿಯಂ ಕಂಪನಿ ಕಟ್ಟಿಸಿದ ಊರು, ನಾವೀಗ ಸೇರಿರುವ ಈ ಅವಾಲಿ. ತಂಪುಗಾಳಿಯ ಮನೆಗಳು ಕಂಪನಿಯ ಪಾಶ್ಚಾತ್ಯ ನೌಕರರಿಗೆ. ಬಹರೈನಿ ಕಾರ್ಮಿಕರ ವಾಸವೇ ಬೇರೆ, ಸಂಬಳವೇ ಬೇರೆ. ಅವರು 1938ರಲ್ಲಿ ಮುಷ್ಕರ ಹೂಡಿದರು. 1965ರ ಮಾರ್ಚಿನಲ್ಲಿ ಕಂಪನಿ ನೂರಾರು ಜನರನ್ನು ಕೆಲಸದಿಂದ ತೆಗೆದಾಗ ದ್ವೀಪವೇ ಎದ್ದುನಿಂತಿತು.

ಇಂದಿನ ಮಾತಿಗೆ ಬರೋಣ. ಬೀದಿಬದಿಯ ದಿನಸಿ ಅಂಗಡಿಗೆ ಇಲ್ಲಿ ಕೋಲ್ಡ್ ಸ್ಟೋರ್ ಎಂದು ಹೆಸರು. ಕಾರಿನಿಂದ ಇಳಿಯದೆ ಹಾರ್ನ್ ಒತ್ತಿದರೆ ಕೆಲಸದ ಹುಡುಗ ಓಡಿಬರುತ್ತಾನೆ, ಕೇರಳದವನೋ, ಬಾಂಗ್ಲಾದೇಶದವನೋ. ಹೊಸದಾಗಿ ಬಂದವರಿಗೆ ಇದು ಕಸಿವಿಸಿ. ವರ್ಷ ಕಳೆದ ಮೇಲೆ ಅವರಲ್ಲೇ ಹಲವರು, ಅವನು ಬರುವುದು ತಡವಾಯಿತೆಂದು ಎರಡನೆಯ ಸಲ ಹಾರ್ನ್ ಒತ್ತುತ್ತಾರೆ.

ಎರಡೂ ಹೊಂದಾಣಿಕೆಗಳೇ. ಆದರೆ ಗೀಸರ್ ಆರಿಸುವ ಕಷ್ಟ ನಮ್ಮದು. ಹಾರ್ನಿನ ಬೆಲೆ ತೆರುವವನು ಬೇರೊಬ್ಬ. ಹೊಸ ನಾಡಿನ ಯಾವುದೇ ರೂಢಿಗೆ ಒಗ್ಗಿಕೊಳ್ಳುವ ಮುನ್ನ ಅದರ ಬೆಲೆ ಯಾರ ಮೈಮೇಲೆ ಬೀಳುತ್ತದೆಂದು ಕೇಳಿಕೊಳ್ಳಬೇಕು. ನಮ್ಮೂರುಗಳ ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆಯಿಟ್ಟ ಲೋಟವನ್ನು ಖಂಡಿಸುತ್ತ ಬೆಳೆದವರು ನಾವು. ಅದೂ ದಿನದಿನದ ಸಣ್ಣ ರೂಢಿಯಾಗಿಯೇ ಉಳಿದುಬಂದಿತ್ತು. ಕಂಡವರ ಕಣ್ಣಿಗೆ ಒಗ್ಗಿಹೋದದ್ದೇ ಅದರ ಬಲ.

ಕಡುಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಕಾರ್ಮಿಕರನ್ನು ಬಿಸಿಲಿನಲ್ಲಿ ದುಡಿಸುವುದನ್ನು ಇಲ್ಲಿನ ಕಾನೂನು ನಿಷೇಧಿಸಿದೆ. ಅಂಗಡಿಯ ಬಾಗಿಲಿನಿಂದ ಕಾರಿನವರೆಗಿನ ಹತ್ತು ಹೆಜ್ಜೆಗಳನ್ನು ಯಾವ ಇಲಾಖೆಯೂ ಬಂದು ಅಳೆಯುವುದಿಲ್ಲ. ಅವನ್ನು ನಾವೇ ಇಳಿದು ನಡೆಯಬಹುದು.