ಓದು ತಲೆಗೆ ಹತ್ತದ ಮಗು

(ಕೈಗಾ ಭಾಗದ ಕಾರ್ಮಿಕರ ಹಾಗೂ ಅಂಗಡಿಕಾರರ ಕೂಟದಲ್ಲಿ ಮಾಡಿದ ಭಾಷಣ)



ಕೂಲಿಯ ದರ, ಬೋನಸ್ಸು, ಮಳಿಗೆಯ ಬಾಡಿಗೆ ಇವುಗಳ ಮಾತು ಕೇಳಿ ಅಭ್ಯಾಸವಾದವರು ನೀವು. ಇಂದು ನಾನು ನಿಮ್ಮ ಮನೆಯ ಒಂದು ಮಗುವಿನ ಮಾತನ್ನು ಆಡಬೇಕೆಂದಿದ್ದೇನೆ. ಯಾವ ಮಗು? ನಾಲ್ಕನೆಯ ಇಯತ್ತೆಗೆ ಬಂದರೂ ಪುಸ್ತಕದ ಒಂದು ಸಾಲನ್ನು ನೆಟ್ಟಗೆ ಓದಲಾರದ ಮಗು. ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿ ತರುತ್ತದೆ. ಹೊಳೆಯಲ್ಲಿ ಗಾಳ ಹಾಕಿ ಮೀನು ಹಿಡಿಯುತ್ತದೆ. ಕಥೆ ಹೇಳಿದರೆ ಸ್ವಾರಸ್ಯ ಹಿಡಿದು ನಗುತ್ತದೆ. ಪುಸ್ತಕ ಬಿಚ್ಚಿದೊಡನೆ ಬೆವರುತ್ತದೆ. ಮಾಸ್ತರು ದಡ್ಡ ಎನ್ನುತ್ತಾರೆ, ತಂದೆ ಸೋಮಾರಿ ಎನ್ನುತ್ತಾನೆ. ಎರಡು ವರ್ಷ ಕಳೆಯುವುದರೊಳಗೆ ಆ ಹುಡುಗ ಹೋಟೆಲಿನ ಲೋಟ ತೊಳೆಯುತ್ತಿರುತ್ತಾನೆ, ಇಲ್ಲವೇ ದೋಣಿ ಹತ್ತಿರುತ್ತಾನೆ. ನಾನೂ ಕೆಲವು ವರ್ಷ ಖಡು ಹಿಡಿದವನು. ಇಂಥ ಮಕ್ಕಳು ಇಲ್ಲದ ತರಗತಿಯನ್ನು ನಾನು ಕಂಡಿಲ್ಲ.

ಇದರ ಒಂದು ಕಾರಣಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು. ನಾವು ಓದಿನ ತೊಡಕು ಎನ್ನೋಣ. ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಇದು ಹೆಚ್ಚು ಕಡಿಮೆ ಇರುತ್ತದೆಂದು ಬಲ್ಲವರ ಅಂದಾಜು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯ 14 ವರ್ಷದ ಹುಡುಗನೊಬ್ಬನ ವಿಚಾರ ಬರೆದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಅವನೇ ಜಾಣನಾಗುತ್ತಿದ್ದನೆಂದು ಅವನ ಮಾಸ್ತರರೇ ಹೇಳಿದ್ದರಂತೆ. ಆಗ ಅದನ್ನು ಹುಟ್ಟಿನಿಂದ ಬಂದ ‘ಪದಗುರುಡು’ ಎಂದು ಕರೆದರು. ದೋಷ ಕಾಣುವುದರಲ್ಲಿದೆ ಎಂದು ಬಹುಕಾಲ ನಂಬಿದರು. ಮುಂದೆ ನಡೆದ ಶೋಧನೆಗಳು ಬೇರೆ ದಾರಿ ತೋರಿದವು. ಹೆಚ್ಚಿನ ಮಕ್ಕಳಲ್ಲಿ ತೊಡಕು ಇರುವುದು ಮಾತಿನ ಧ್ವನಿಗಳನ್ನು ಮಿದುಳು ಬಿಡಿಸಿಕೊಳ್ಳುವ ಬಗೆಯಲ್ಲಿ.

ಅದು ಹೇಗೆ? ಗಿರಣಿಯಲ್ಲಿ ದುಡಿದವರಿಗೆ ಇದನ್ನು ಹೇಳುವುದು ಸುಲಭ. ಬಟ್ಟೆ ದೂರದಿಂದ ಒಂದೇ ಹಾಳೆ. ಹತ್ತಿರ ಹಿಡಿದರೆ ಹಾಸು ಹೊಕ್ಕಿನ ಎಳೆ ಎಳೆ ಕಾಣುತ್ತದೆ. ಮಾತೂ ಹಾಗೆಯೇ. ನಮ್ಮ ಕಾಳಿ ಹೊಳೆಯ ಹೆಸರನ್ನೇ ತೆಗೆದುಕೊಳ್ಳಿ. ‘ಕಾಳಿ’ ಎನ್ನಿ, ‘ಗಾಳಿ’ ಎನ್ನಿ. ಗಂಟಲ ಮೇಲೆ ಬೆರಳಿಟ್ಟು ನೋಡಿ. ‘ಗಾಳಿ’ಯಲ್ಲಿ ನಾಲಗೆ ಬಿಡುವ ಮೊದಲೇ ಗಂಟಲು ಕಂಪಿಸತೊಡಗುತ್ತದೆ, ‘ಕಾಳಿ’ಯಲ್ಲಿ ಬಿಟ್ಟ ಮೇಲೆ. ಇವೆರಡರ ನಡುವಿನ ಅಂತರ ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು. ಅಷ್ಟರೊಳಗೆ ಮಿದುಳು ಎರಡನ್ನೂ ಬೇರೆ ಮಾಡಬೇಕು, ಆ ಎಳೆಯನ್ನು ಹಿಡಿದಿಟ್ಟುಕೊಳ್ಳಬೇಕು, ಅದಕ್ಕೆ ಒಂದು ಅಕ್ಷರವನ್ನು ಗಂಟು ಹಾಕಬೇಕು. ಮಾತಾಡುವಾಗ ಬಟ್ಟೆ ಸಿಕ್ಕರೆ ಸಾಕು, ಎಳೆ ಎಣಿಸುವ ಅಗತ್ಯ ಬೀಳುವುದಿಲ್ಲ. ಹೊಳೆಯ ಸಂಗತಿಯೋ ಗಾಳಿಯ ಸಂಗತಿಯೋ ಸಂದರ್ಭವೇ ತಿಳಿಸುತ್ತದೆ. ಓದುವಾಗ ಎಳೆ ಎಣಿಸಲೇಬೇಕು. ಆದುದರಿಂದಲೇ ಚೆನ್ನಾಗಿ ಮಾತಾಡುವ ಮಗು ಓದಿನಲ್ಲಿ ಎಡವುತ್ತದೆ. ಕಿವಿ ಕೆಟ್ಟಿಲ್ಲ. ಕೇಳಿಸಿದ್ದನ್ನು ಎಳೆಯಾಗಿ ಬಿಡಿಸುವ ಕೆಲಸ ನಿಧಾನ.

ಬಹುತೇಕ ಜನರಲ್ಲಿ ಈ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಎಡಗಿವಿಯ ಮೇಲಿನ ಭಾಗ ಧ್ವನಿಯನ್ನು ಬಿಡಿಸುತ್ತದೆ, ಹಿಂದಿನ ಒಂದು ಭಾಗ ಅಕ್ಷರದ ರೂಪವನ್ನು ಗುರುತಿಸುತ್ತದೆ, ಮುಂದಿನ ಭಾಗ ನುಡಿಯನ್ನು ಜೋಡಿಸುತ್ತದೆ. ಓದಿನ ತೊಡಕಿರುವವರಲ್ಲಿ ಇವುಗಳ ನಡುವಿನ ಕೊಡುಕೊಳ್ಳುವಿಕೆ ದುರ್ಬಲ. ಎಲ್ಲಿ ತಪ್ಪುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. 2013ರಲ್ಲಿ ಬೆಲ್ಜಿಯಮ್ಮಿನ ಬಾರ್ಟ್ ಬೂಟ್ಸ್ ಮತ್ತು ಸಂಗಡಿಗರು, ಧ್ವನಿಗಳ ಅಚ್ಚು ಸರಿಯಾಗಿಯೇ ಇದೆ, ಅಲ್ಲಿಂದ ಮುಂಭಾಗಕ್ಕೆ ಹೋಗುವ ಸಂಪರ್ಕ ಸೊರಗಿದೆ ಎಂದರು. ವ್ಯಾಪಾರಿಗಳ ಮಾತಿನಲ್ಲಿ, ಗೋದಾಮಿನಲ್ಲಿ ಸರಕು ಇದೆ, ಅಂಗಡಿಗೆ ತರುವ ರಸ್ತೆ ಕೆಟ್ಟಿದೆ. ಇಂಗ್ಲೆಂಡಿನ ಉಷಾ ಗೋಸ್ವಾಮಿಯವರು, ಮಾತಿನ ಏರಿಳಿತದ ನಿಧಾನ ಲಯದೊಂದಿಗೆ ಮಿದುಳು ಹೆಜ್ಜೆ ಹಾಕುವುದರಲ್ಲಿಯೇ ವ್ಯತ್ಯಾಸವಿದೆ ಎಂದು 2011ರಲ್ಲಿ ವಾದಿಸಿದರು. 2016ರಲ್ಲಿ ಅಮೆರಿಕದ ಇನ್ನೊಂದು ತಂಡ ಮತ್ತೊಂದು ಸಂಗತಿ ಕಂಡಿತು. ಒಂದೇ ದನಿಯನ್ನು ಮತ್ತೆ ಮತ್ತೆ ಕೇಳಿದಾಗ ಸಾಮಾನ್ಯವಾಗಿ ಮಿದುಳು ಅದಕ್ಕೆ ಹೊಂದಿಕೊಂಡು ಶ್ರಮ ಉಳಿಸುತ್ತದೆ. ಓದಿನ ತೊಡಕಿರುವವರಲ್ಲಿ ಈ ಉಳಿತಾಯ ಕಡಿಮೆ. ಕೇಳಿದ್ದನ್ನೇ ಕೇಳಿದರೂ ಅವರ ಮಿದುಳು ಹೊಸದೆಂಬಂತೆ ದುಡಿಯುತ್ತದೆ. ಇಂಥ ಮಗುವನ್ನು ಸೋಮಾರಿ ಎನ್ನುವುದು ಹೇಗೆ?

ಇದು ಇಂಗ್ಲಿಷಿನ ಕಾಯಿಲೆ, ಬರೆದಂತೆ ಓದುವ ಕನ್ನಡಕ್ಕೆ ಇದೆಲ್ಲಿಯದು ಎಂದು ಕೇಳುವವರಿದ್ದಾರೆ. 2001ರಲ್ಲಿ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಓದುಗರನ್ನು ಹೋಲಿಸಿ ನೋಡಿದರು. ಬರೆದಂತೆ ಓದುವ ಇಟಾಲಿಯನ್ನರು ಓದುವುದರಲ್ಲಿ ಮೇಲಾಗಿದ್ದರು. ಆದರೆ ತೊಡಕಿದ್ದವರ ಮಿದುಳಿನಲ್ಲಿ ಮಂದವಾಗಿದ್ದ ಜಾಗ ಮೂರೂ ಭಾಷೆಗಳಲ್ಲಿ ಒಂದೇ. ಕನ್ನಡದ ಮಟ್ಟಿಗೆ ಸೋನಾಲಿ ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಓದಿನಲ್ಲಿ ಹಿಂದುಳಿದ ಮಕ್ಕಳು ಧ್ವನಿಗಳನ್ನು ಬಿಡಿಸುವುದರಲ್ಲಿ ಹಿಂದಿದ್ದರು. ಕನ್ನಡದಲ್ಲಿ ತಿಂಗಳೊಪ್ಪತ್ತಿನಲ್ಲಿ ಲಿಪಿ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರಗಳ ನೂರಾರು ರೂಪ ಹಿಡಿಯಲು ಎಲ್ಲ ಮಕ್ಕಳಿಗೂ ಕೆಲವು ವರ್ಷ ಬೇಕು. ಅದರಲ್ಲೂ ‘ಕಾರ್ಮಿಕ’ ಎಂದು ಬರೆದು ನೋಡಿ. ಕಿವಿಗೆ ರಕಾರ ಮೊದಲು, ಮಕಾರ ಆಮೇಲೆ. ಕಾಗದದಲ್ಲಿ ಮಿ ಮೊದಲು, ಅರ್ಕಾವೊತ್ತು ಆಮೇಲೆ. ‘ಕದ್ರಾ’ ಅಣೆಕಟ್ಟಿನ ಹೆಸರಿನಲ್ಲಿ ದೀರ್ಘ ಕೇಳುವುದು ಕೊನೆಗೆ, ಬರೆಯುವುದು ದಕಾರದ ತಲೆಗೆ. ಎಳೆ ಬಿಡಿಸಲು ಬಾರದ ಮಗು ಇಲ್ಲಿ ಸಿಕ್ಕಿಬೀಳದೆ ಇನ್ನೇನಾದೀತು?

ನಮ್ಮ ಭಾಗದ ಒಂದು ಮಾತನ್ನು ಮರೆಯಬಾರದು. ಕಾರವಾರದ ಎಷ್ಟೋ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮನೆಯ ನುಡಿಗೂ ಪುಸ್ತಕದ ನುಡಿಗೂ ಅಂತರವಿದೆ. ಸ್ಥಾವರದ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದವರ ಮಕ್ಕಳಿಗಂತೂ ಕನ್ನಡವೇ ಹೊಸದು. ಇವರೆಲ್ಲರಿಗೂ ಓದಿನ ತೊಡಕಿದೆ ಎಂದು ಹಣೆಪಟ್ಟಿ ಹಚ್ಚಬಾರದು. ವ್ಯತ್ಯಾಸ ತಿಳಿಯಲು ಮಗುವಿನ ಮನೆಯ ಭಾಷೆಯಲ್ಲೇ ಆಟ ಆಡಿಸಿ. ‘ಬಾಗಿಲು’ ಎಂಬಲ್ಲಿ ‘ಬಾ’ ತೆಗೆದರೆ ಉಳಿಯುವುದೇನು? ‘ಗಾಳಿ’ಯ ಮೊದಲ ಧ್ವನಿ ತೆಗೆದು ‘ಕ್’ ಇಟ್ಟರೆ ಏನಾಗುತ್ತದೆ? ಹೊಸ ಭಾಷೆಯಿಂದಷ್ಟೇ ಹಿಂದೆ ಬಿದ್ದ ಮಗು ತನ್ನ ಭಾಷೆಯಲ್ಲಿ ಇಂಥ ಆಟವನ್ನು ಬೇಗ ಕಲಿಯುತ್ತದೆ. ತೊಡಕಿರುವ ಮಗು ಅಲ್ಲಿಯೂ ತಡವರಿಸುತ್ತದೆ. ಇದು ಸುಳಿವು ಮಾತ್ರ. ನಿರ್ಣಯ ಹೇಳಬೇಕಾದವರು ತಿಳಿದವರು. ಅದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಕಿವಿ ತೋರಿಸಿ.

ಇನ್ನೊಂದು ಅನುಮಾನ ಇಲ್ಲಿಯ ಜನರಿಗೆ ಬರುವುದು ಸಹಜ: ಇದು ಅಣುಸ್ಥಾವರದಿಂದ ಬಂದದ್ದೇ? ಜಗತ್ತಿನ ಮೊದಲ ಅಣುರಿಯಾಕ್ಟರು ಚಾಲೂ ಆದದ್ದು 1942ರಲ್ಲಿ, ಶಿಕಾಗೋದಲ್ಲಿ. ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ತೊಡಗಿದ್ದು 2000ದಲ್ಲಿ. ಆ ಇಂಗ್ಲೆಂಡಿನ ಹುಡುಗ 1896ರವನು. ಈ ತೊಡಕು ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ. ಫಿನ್ಲೆಂಡಿನಲ್ಲಿ ಇಂಥ ಮನೆತನಗಳ ಹಸುಗೂಸುಗಳ ಮಿದುಳು ಮಾತಿನ ಧ್ವನಿಗೆ ಓಗೊಡುವ ಬಗೆಯೇ ಬೇರೆ ಇದ್ದುದನ್ನು ಕಂಡಿದ್ದಾರೆ. ಸ್ಥಾವರದ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳೋಣ. ಇದನ್ನು ಅದಕ್ಕೆ ಗಂಟು ಹಾಕಲು ಆಧಾರವಿಲ್ಲ. ಗಂಟು ಹಾಕಿದರೆ ಮಗುವಿಗೆ ಸಿಗಬೇಕಾದ ಪಾಠ ಸಿಗದೆ ಹೋಗುತ್ತದೆ.

ಏಕೆಂದರೆ ಪಾಠದಿಂದ ಪ್ರಯೋಜನವಿದೆ. ಅಮೆರಿಕದ ಸ್ಯಾಲಿ ಶೇವಿಟ್ಜ್ ಅವರ ತಂಡ 2004ರಲ್ಲಿ ತಿಳಿಸಿದಂತೆ, 6ರಿಂದ 9 ವರ್ಷದ ಮಕ್ಕಳಿಗೆ ಸುಮಾರು 8 ತಿಂಗಳು ಧ್ವನಿ–ಅಕ್ಷರಗಳ ಪಾಠವನ್ನು ಕ್ರಮವಾಗಿ ಹೇಳಿದಾಗ ಓದು ಸುಧಾರಿಸಿತು, ಎಡಮಿದುಳಿನ ಓದಿನ ಜಾಗಗಳು ಹೆಚ್ಚು ಕೆಲಸ ಮಾಡತೊಡಗಿದವು. ಕ್ರಮವೂ ದೊಡ್ಡ ರಹಸ್ಯವಲ್ಲ. ಒಮ್ಮೆಗೆ ಸ್ವಲ್ಪ, ಪ್ರತಿದಿನ, ಬಾಯಲ್ಲಿ ಧ್ವನಿ ನುಡಿಸುತ್ತ ಕೈಯಲ್ಲಿ ಅಕ್ಷರ ಬರೆಸುತ್ತ ಹೋಗಬೇಕು. ಹಿಂದಿನದು ಗಟ್ಟಿಯಾದ ಮೇಲೆ ಮುಂದಿನದು. ಬೆತ್ತದಿಂದ ಧ್ವನಿ ಬಿಡಿಸಲು ಬರುವುದಿಲ್ಲ.

ಹಣವಿದ್ದವರು ಮಗುವನ್ನು ಬೆಂಗಳೂರಿನ ನಿಮ್ಹಾನ್ಸಿಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಕರೆದೊಯ್ಯಬಲ್ಲರು. ದಿನಗೂಲಿಯವನು ಎಷ್ಟು ದಿನದ ಕೂಲಿ ಬಿಟ್ಟಾನು? ಆದುದರಿಂದ ಶಾಲೆಯೇ ಈ ಹೊಣೆ ಹೊರಬೇಕು. ಇದು ಬೇಡಿಕೊಳ್ಳುವ ದಯೆಯಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಕಲಿಕೆಯ ಈ ತೊಡಕನ್ನು 21 ಬಗೆಗಳ ಪಟ್ಟಿಯಲ್ಲಿ ಸೇರಿಸಿದೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಪಾಠಕ್ರಮ ಕೈಗೊಳ್ಳಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ, ಇವುಗಳ ಏರ್ಪಾಡನ್ನು 17ನೆಯ ಕಲಮು ಹೇಳುತ್ತದೆ.

ನಿಮ್ಮೂರ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ತಂದೆತಾಯಿಗಳಿಗೆ ಜಾಗವಿದೆ. ಮುಂದಿನ ಸಭೆಗೆ ಒಬ್ಬೊಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿ. ಮೂರನೆಯ ಇಯತ್ತೆಯಲ್ಲಿ ಓದಲು ಬಾರದ ಮಕ್ಕಳು ಎಷ್ಟು, ಅವರನ್ನು ಯಾರು ಪರೀಕ್ಷಿಸಿದರು, ಅವರಿಗೆ ಬೇರೆ ಪಾಠ ಯಾವ ಹೊತ್ತಿಗೆ ಎಂದು ಕೇಳಿ. ಉತ್ತರ ಬರೆಸಿಕೊಳ್ಳಿ. ಆ ಉತ್ತರ ಬರುವವರೆಗೆ ಯಾವ ಮಗುವಿನ ಹೆಸರನ್ನೂ ಶಾಲೆಯಿಂದ ತೆಗೆಸಬೇಡಿ.