ಫಿಲ್ಟರ್ ಹಾಕಿದ ದಿನವೇ ತೆಗೆಯುವ ದಿನ ಕೇಳಿ



ಕಾಲಿನ ಆಳದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಇದಕ್ಕೆ ಮೊದಲ ಚಿಕಿತ್ಸೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ರಕ್ತಸ್ರಾವ, ದೊಡ್ಡ ಆಪರೇಷನ್ ಮುಂತಾದ ಕಾರಣಗಳಿಂದ ಅದನ್ನು ಕೊಡಲಾಗದಿದ್ದಾಗ, ಹೊಟ್ಟೆಯೊಳಗಿನ ವೀನಾ ಕೇವಾ ಎಂಬ ದೊಡ್ಡ ಅಭಿಧಮನಿಯಲ್ಲಿ ಕೊಡೆಯ ಕಡ್ಡಿಗಳಂತಹ ಲೋಹದ ಫಿಲ್ಟರ್ ಇಡುತ್ತಾರೆ.

ಕೆಲವರಿಗೆ ಅದು ಶಾಶ್ವತವಾಗಿ ಬೇಕಾಗುತ್ತದೆ. ಉಳಿದವರು ಅಪಾಯ ಕಳೆದ ಮೇಲೆ ತೆಗೆಸಬೇಕು. ಆದರೆ "ನೋವಿಲ್ವಲ್ಲ, ಇರಲಿ ಬಿಡಿ" ಅಂತ ಸುಮ್ಮನಾಗುತ್ತಾರೆ. ಬಸ್ ಖರ್ಚು, ತಪ್ಪುವ ಕೂಲಿ, ಇವೂ ಕಾರಣ. ತಡವಾದಷ್ಟೂ ಫಿಲ್ಟರಿನ ಕಾಲುಗಳು ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ, ಕೆಲವೊಮ್ಮೆ ತೂರಿ ಹೊರಬರುತ್ತವೆ. ಆಮೇಲೆ ತೆಗೆಯುವಾಗ ನಾಳ ಹರಿಯುವ ಭಯ ಹೆಚ್ಚು.

ಅಮೆರಿಕದ ಎಫ್‌ಡಿಎ ಸಂಸ್ಥೆಗೆ 2005ರಿಂದ 2010ರವರೆಗೆ ಫಿಲ್ಟರ್ ತೊಂದರೆಗಳ 921 ವರದಿಗಳು ಬಂದಿದ್ದವು. ಅದರಲ್ಲಿ 70 ನಾಳ ತೂತಾದ ಪ್ರಕರಣಗಳು. ಅಪಾಯ ಕಳೆದವರಿಗೆ, ಹಾಕಿದ 29ರಿಂದ 54 ದಿನಗಳ ನಡುವೆ ತೆಗೆಯುವುದೇ ಹೆಚ್ಚು ಲಾಭ ಎಂಬ ಲೆಕ್ಕಾಚಾರವನ್ನು 2014ರಲ್ಲಿ ಅದೇ ಸಂಸ್ಥೆ ತಿಳಿಸಿತು. ಎಲ್ಲರಿಗೂ ಒಂದೇ ದಿನ ಅಂತಲ್ಲ, ವೈದ್ಯರು ನೋಡಿ ಹೇಳಬೇಕು. ದಿನ ದಾಟಿದ್ದರೂ ಹೆದರಿ ಕೂರಬೇಡಿ, ಹೋಗಿ ತೋರಿಸಿ.

ತೆಗೆಯುವ ಮೊದಲು ವೈದ್ಯರು ಡೈ ಹಾಕಿ ಎಕ್ಸ್‌ರೇಯಲ್ಲಿ ಫಿಲ್ಟರ್ ವಾಲಿದೆಯೇ, ಹೆಪ್ಪು ಸಿಕ್ಕಿಕೊಂಡಿದೆಯೇ ನೋಡುತ್ತಾರೆ. ಹಳೆಯದಾದರೆ ಸಿ.ಟಿ. ಸ್ಕ್ಯಾನ್ ಕೂಡ ಬೇಕಾಗಬಹುದು. ಸಾಮಾನ್ಯವಾಗಿ ಕುತ್ತಿಗೆಯ ನಾಳದಿಂದ ತಂತಿಯ ಕುಣಿಕೆ ಇಳಿಸಿ ಫಿಲ್ಟರಿನ ಕೊಕ್ಕೆ ಹಿಡಿಯುತ್ತಾರೆ. ಅದನ್ನು ಹಿಡಿದುಕೊಂಡೇ ಕೊಳವೆಯನ್ನು ಫಿಲ್ಟರಿನ ಮೇಲೆ ಕೆಳಕ್ಕೆ ಸರಿಸಿದರೆ, ಕೊಡೆ ಮಡಚಿದ ಹಾಗೆ ಕಾಲುಗಳು ಮಡಚಿಕೊಳ್ಳುತ್ತವೆ. ಬರದಿದ್ದರೆ ಜೋರಾಗಿ ಎಳೆಯಬಾರದು. ಅಂಟಿದ ಫಿಲ್ಟರ್ ತೆಗೆದು ಅನುಭವವಿರುವ ಆಸ್ಪತ್ರೆಗೆ ಕಳಿಸುವುದೇ ಸರಿ. ತೆಗೆದ ಮೇಲೆ ಮತ್ತೆ ಡೈ ಹಾಕಿ ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ.

ಇನ್ನು ನಮ್ಮ ಕೆಲಸ:

1. ಫಿಲ್ಟರ್ ಹಾಕಿದ ದಿನ, ತೆಗೆಸಲು ಬರಬೇಕಾದ ದಿನ ಎರಡನ್ನೂ ಬರೆಸಿಕೊಳ್ಳಿ.
2. ಡಿಸ್ಚಾರ್ಜ್ ಚೀಟಿ, ಫಿಲ್ಟರ್ ಕಾರ್ಡ್ ಜೋಪಾನವಾಗಿಡಿ.
3. ಕಿಡ್ನಿ ತೊಂದರೆ, ಡೈ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.
4. ತೆಗೆದ ನಂತರ ಹೊಟ್ಟೆ ಅಥವಾ ಬೆನ್ನು ನೋವು, ತಲೆಸುತ್ತು, ಉಸಿರಾಟದ ತೊಂದರೆ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಊರಿನಲ್ಲಿ ಫಿಲ್ಟರ್ ಹಾಕಿಸಿಕೊಂಡವರು ಇದ್ದರೆ ಈ ವಾರವೇ ಅವರ ಮನೆಗೆ ಹೋಗಿ, ಚೀಟಿಯಲ್ಲಿ ದಿನಾಂಕ ನೋಡಿ.