ಸಮುದ್ರವಿಲ್ಲದ ದ್ವೀಪದ ನೀಲಿ ಹಕ್ಕಿ

ವೀಕೆಂಡ್ ಬಂದ್ರೆ ದಾವಣಗೆರೆ, ಹರಿಹರದಿಂದ ಬೈಕ್ ಹತ್ತಿ ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿ ಕಡೆ ಹೊರಡೋರು ಎಷ್ಟೋ ಜನ ಇದ್ದೀರಿ. ಇವತ್ತಿನ ಮಾತು ನಿಮಗಾಗಿ. ಅಲ್ಲಿರೋ ಒಂದು ಪುಟ್ಟ ಹಕ್ಕಿಯ ಬಗ್ಗೆ.

ಹೆಸರು ನೀಲಗಿರಿ ಶೋಲಾಕಿಳಿ. ಗಿಳಿ ಅಂದ್ಕೋಬೇಡಿ, ಮಲಯಾಳಂನಲ್ಲಿ ಕಿಳಿ ಅಂದ್ರೆ ಹಕ್ಕಿ. ಶೋಲಾ ಅಂದ್ರೆ ಎತ್ತರದ ಹುಲ್ಲುಗಾವಲುಗಳ ನಡುವೆ, ಕಣಿವೆಯ ಮಡಿಲಲ್ಲಿ ಬೆಳೆಯೋ ದಟ್ಟ, ತಂಪು ಕಾಡು. ಹಕ್ಕಿ ಹೆಚ್ಚುಕಮ್ಮಿ ಗುಬ್ಬಚ್ಚಿಯಷ್ಟು. ಮೈ ನೀಲಿ, ಪಕ್ಕೆಯಲ್ಲಿ ಇಟ್ಟಿಗೆ ಬಣ್ಣ. ನೆರಳಲ್ಲಿ, ಒದ್ದೆ ತರಗೆಲೆ ಮೇಲೆ ಕುಪ್ಪಳಿಸ್ತಾ ಹುಳು-ಹುಪ್ಪಟೆ ಹೆಕ್ಕಿ ತಿನ್ನುತ್ತೆ.

ಇಡೀ ಪ್ರಪಂಚದಲ್ಲಿ ಇದು ಸಿಗೋದು ಪಾಲಕ್ಕಾಡ್ ಕಣಿವೆಯ ಉತ್ತರಕ್ಕಿರುವ ಕೆಲವೇ ಬೆಟ್ಟಗಳಲ್ಲಿ: ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್‌ಗಿರಿ, ಇಂಥ ಕಡೆ. ವಿಜ್ಞಾನಿಗಳು ಈ ಬೆಟ್ಟದ ನೆತ್ತಿಗಳನ್ನ ‘ಆಕಾಶ ದ್ವೀಪಗಳು’ ಅಂತಾರೆ. ದ್ವೀಪ ಅಂದ್ಮೇಲೆ ಸುತ್ತ ಸಮುದ್ರ ಬೇಕಲ್ವಾ? ಈ ಹಕ್ಕಿಗೆ ಕೆಳಗಿನ ಬಿಸಿ ಬಯಲೇ ಸಮುದ್ರ. ಅಂದ್ರೆ, ನಾವಿರೋ ಜಾಗ.

ಹಿಂದೆ ಇದನ್ನ ಹಿಮಾಲಯದ ಗಿಡ್ಡ ರೆಕ್ಕೆಯ ಹಕ್ಕಿಗಳ ಗುಂಪಿಗೆ ಸೇರಿಸಿದ್ದರು. 2017ರಲ್ಲಿ ವಿ.ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷಿಸಿ, ಇದು ನೊಣಹಿಡುಕಗಳ ಸಂಬಂಧಿ, ಆದರೆ ಬೇರೆಯೇ ಕುಲ ಎಂದು ತೋರಿಸಿದರು. ಆ ಕುಲಕ್ಕೆ ‘ಶೋಲಿಕೋಲ’ ಅಂತ ಹೆಸರಿಟ್ಟರು. ಇಲ್ಲಿನ ಬೆಟ್ಟಗಳಲ್ಲೇ ಲಕ್ಷಾಂತರ ವರ್ಷ ಬಾಳಿ ಬಂದ ವಂಶ ಇದು.

ಈಗ ಇದು ಅಪಾಯದಂಚಿನ ಪ್ರಭೇದ. ಶೋಲಾ ಕಾಡು ಕಡಿದಲ್ಲೆಲ್ಲ ತೋಟ, ನೆಡುತೋಪು, ರಸ್ತೆ ಬಂದಿವೆ. ಭೂಮಿ ಬಿಸಿಯಾದ್ರೆ ಬೇರೆ ಹಕ್ಕಿಗಳು ಇನ್ನಷ್ಟು ಮೇಲಕ್ಕೆ ಹೋಗಬಹುದು. ಇದಕ್ಕೆ ಮೇಲೆ ಹೋಗೋಣ ಅಂದ್ರೆ ಬೆಟ್ಟವೇ ಮುಗಿದಿರುತ್ತೆ.

ನಮ್ಮ ಕೈಲಿ ಏನಿದೆ? ಫೋನ್ ಇದೆ. ಒಳ್ಳೆ ಫೋಟೋ ಸಿಗಲಿ ಅಂತ ಕೆಲವರು ಹಕ್ಕಿಯ ಕೂಗನ್ನ ಫೋನಲ್ಲೇ ಪ್ಲೇ ಮಾಡ್ತಾರೆ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ ಅಂತ ಹಕ್ಕಿ ಮೇವು ಬಿಟ್ಟು, ಗೂಡು ಬಿಟ್ಟು ಓಡಿ ಬರುತ್ತೆ. ನಮಗೆ ಒಂದು ರೀಲ್ಸ್, ಅದಕ್ಕೆ ಒಂದು ಹೊತ್ತಿನ ಊಟ ನಷ್ಟ. ಮರಿ ಮಾಡೋ ಕಾಲದಲ್ಲಿ ಇದು ಇನ್ನೂ ದುಬಾರಿ. ಅದೂ ನಮಗೆ ಬೇಸಿಗೆ ರಜೆ ಇರೋ ಹೊತ್ತಲ್ಲೇ.

ಇನ್ನೊಂದು ಮಾತು. ಕೆಮ್ಮಣ್ಣುಗುಂಡಿ ಕಡೆಯ ಹಳ್ಳಗಳು ಭದ್ರೆಯನ್ನ ಸೇರ್ತವೆ. ಅದೇ ನೀರು ನಾಲೆ ಹಿಡಿದು ದಾವಣಗೆರೆಯ ಗದ್ದೆಗೆ, ತುಂಗೆಯನ್ನ ಕೂಡಿ ಹರಿಹರದ ದಡಕ್ಕೆ ಬರುತ್ತೆ. ಹಕ್ಕಿಗೆ ಮನೆಯಾದ ಕಾಡೇ ನಮಗೆ ನೀರು ಹಿಡಿದಿಡೋ ಕಾಡು.

ಮುಂದಿನ ಸಲ ಗಿರಿಗೆ ಹೋದಾಗ ಬ್ಲೂಟೂತ್ ಸ್ಪೀಕರ್ ಬ್ಯಾಗಲ್ಲೇ ಇರಲಿ. ಕಾಡಂಚಿನ ದಾರಿಯಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ. ಹಕ್ಕಿ ಕಾಣದಿದ್ರೂ ಅದರ ಸಿಳ್ಳೆ ಕೇಳಿಸಬಹುದು. ಕೇಳಿಸಿದ್ರೆ ನಮಗೂ ಹೇಳಿ. ಮತ್ತೆ ಸಿಗೋಣ.